ಅಪ್ಪನಿಗೆ ಕ್ಯಾನ್ಸರ್ ಎಂದು ಹೇಳುವುದು ಹೇಗೆ? – ಪ್ರತಿಕ್ರಿಯೆ

ವಿಜಯಪುರದಲ್ಲಿ ಬಯಾಪ್ಸಿ (ದೇಹದಿಂದ ಚೂರು ತೆಗೆದು ಮಾಡುವ ಪರೀಕ್ಷೆ) ಆದಾಗಿನಿಂದ ನಿಮ್ಮ ತಂದೆ ರೊಟ್ಟಿ ಮುಟ್ಟದೆ, ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಾರೆ ಎಂದಿದ್ದೀರಿ. ಕ್ಯಾನ್ಸರ್ ಎಂದು ಅವರಿಗೆ ಇನ್ನೂ ಹೇಳಿಲ್ಲ, ಹೇಗೆ ಹೇಳಲಿ ಎಂದು ಕೇಳಿದ್ದೀರಿ. ಬಹುಶಃ ಅವರಿಗೆ ಸುಳಿವು ಸಿಕ್ಕಿದೆ. ನೀವು ಬಚ್ಚಿಡುತ್ತಿರುವುದೇ ಅವರನ್ನು ಹೆಚ್ಚು ಹೆದರಿಸಿರಬಹುದು. ನೋವಿನಿಂದಲೂ ಹಸಿವು ಕಡಿಮೆಯಾಗಬಹುದು, ಅದನ್ನು ವೈದ್ಯರಲ್ಲಿ ವಿಚಾರಿಸಿ.

ಮೊದಲು ಮನೆಯವರು ಒಂದು ಮಾತಿಗೆ ಬನ್ನಿ. "ಹೇಳಿದರೆ ಎದೆ ಒಡೆದುಕೊಳ್ಳುತ್ತಾನೆ" ಎನ್ನುವ ಕಾಕಾ ಎಲ್ಲ ಮನೆಯಲ್ಲೂ ಇರುತ್ತಾರೆ. ಕೀಮೋಗೆ (ಕ್ಯಾನ್ಸರ್‌ಗೆ ಔಷಧಿ ಕೊಡುವ ಚಿಕಿತ್ಸೆ) ಒಪ್ಪಿಗೆಯ ಸಹಿ ತಂದೆಯದೇ ಬೇಕು ಎಂದು ಅವರಿಗೆ ತಿಳಿಸಿ.

ನಂತರ ಟಿವಿ ಆರಿಸಿ, ನೆರೆಹೊರೆಯವರಿಲ್ಲದ ಹೊತ್ತಿನಲ್ಲಿ ಪಕ್ಕ ಕುಳಿತು ಕೇಳಿ: "ಅಪ್ಪಾ, ನಿಮಗೆ ಏನಾಗಿದೆ ಎಂದು ಅನಿಸುತ್ತದೆ? ಡಾಕ್ಟರ್ ಹೇಳಿದ್ದನ್ನೆಲ್ಲ ಹೇಳಲೇ?" ಬೇಡ ಎಂದರೆ ಅಲ್ಲಿಗೇ ಬಿಡಿ, ಕೆಲವು ದಿನ ಕಳೆದು ಮತ್ತೆ ಕೇಳಿ. ಹೇಳು ಎಂದರೆ ರೋಗದ ಹೆಸರು, ಮುಂದಿನ ಚಿಕಿತ್ಸೆ, ಇಷ್ಟೇ ಸಾಕು. ಅತ್ತರೆ ಅಳಲಿ, "ಏನೂ ಆಗುವುದಿಲ್ಲ" ಎಂದು ಬಾಯಿ ಮುಚ್ಚಿಸಬೇಡಿ. ಸಿಟ್ಟಾದರೂ ಆಗಬಹುದು, ಮೊದಲೇ ಊಹಿಸಲಾಗದು. "ಇನ್ನೆಷ್ಟು ದಿನ?" ಎಂದರೆ ವೈದ್ಯರೆದುರು ಒಟ್ಟಿಗೆ ಕುಳಿತು ಕೇಳಿ.

ನಿಮಗೇ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಹಗಲಿರುಳೂ ಇರುತ್ತಾರೆ, ಕನ್ನಡದಲ್ಲೇ ಮಾತನಾಡಬಹುದು.