ಸಂಪಾದಕರ ಉತ್ತರ: ಡಿಎಲ್ ಅರ್ಜಿಯಲ್ಲಿ ಟಿಕ್ ಹಾಕಿದರೆ ಸಾಕೇ?

ಗಂಗಾವತಿಯ ಓದುಗರೊಬ್ಬರ ಪತ್ರದ ಸಾರ ಇದು: ಮಗನ ಎಲ್‌ಎಲ್‌ಆರ್ ಅರ್ಜಿ ತುಂಬಿಸುವಾಗ ಅಂಗಾಂಗ ದಾನದ ಪ್ರಶ್ನೆಯೊಂದು ಬಂತು. ಸೈಬರ್ ಸೆಂಟರಿನ ಹುಡುಗ ಯಾರನ್ನೂ ಕೇಳದೆ ಅದನ್ನು ದಾಟಿಸಿಬಿಟ್ಟ. “ಟಿಕ್ ಹಾಕಿದವರಿಗೆ ಮಾತ್ರ ಡಿಎಲ್ ಎಂದು ನಿಯಮ ಮಾಡಿದರೆ ಕಿಡ್ನಿಗೆ ಕಾಯುವವರ ಸಾಲು ಕರಗುವುದಿಲ್ಲವೇ? ಆದರೆ ಟಿಕ್ ಹಾಕಿದವನನ್ನು ಉಳಿಸಲು ಡಾಕ್ಟರು ಪ್ರಯತ್ನವನ್ನೇ ಮಾಡುವುದಿಲ್ಲ ಎಂದು ಮನೆಯಲ್ಲಿ ಹೆದರುತ್ತಾರೆ. ಅವರಿಗೆ ಏನು ಹೇಳಲಿ?”

ಹೆಸರು ಬೇಡ ಎಂದಿದ್ದೀರಿ, ಆಗಲಿ. ಮೊದಲು ಆ ಚೌಕದ ವಿಚಾರ. ಲೈಸೆನ್ಸಿಗೆ ಅರ್ಜಿ ಹಾಕುವ ‘ಸಾರಥಿ’ ಪೋರ್ಟಲ್‌ನಲ್ಲಿ ಎಲ್‌ಎಲ್‌ಆರ್, ಡಿಎಲ್, ನವೀಕರಣ ಎಲ್ಲಕ್ಕೂ ನಮೂನೆ 2ರ ಅರ್ಜಿಯೇ. ಅಪಘಾತದಲ್ಲಿ ಮರಣ ಹೊಂದಿದರೆ ಅಂಗಾಂಗ ದಾನಕ್ಕೆ ಸಿದ್ಧ ಎಂಬ ಚೌಕ ಅದರ ಘೋಷಣೆಗಳ ನಡುವೆ ಇದೆ. ಹೊಸ ಮಾದರಿಯ ಕಾರ್ಡ್ ತೆಗೆದು ನೋಡಿ, ರಕ್ತದ ಗುಂಪಿನ ಹತ್ತಿರ ‘ಆರ್ಗನ್ ಡೋನರ್’ ಎಂದು ಬರೆದು ಮುಂದೆ ‘ವೈ’ ಅಥವಾ ‘ಎನ್’ ಎಂಬ ಅಕ್ಷರ ಇರುತ್ತದೆ. ‘ಎನ್’ ಇದೆ ಎಂದರೆ ನೀವು ಬೇಡ ಅಂದಿರಿ ಎಂದೇ ಅರ್ಥವಲ್ಲ. ಅರ್ಜಿ ತುಂಬಿದವರು ನಿಮ್ಮನ್ನು ಕೇಳದೆಯೂ ಇದ್ದಿರಬಹುದು.

ಇನ್ನು, ಟಿಕ್ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. 1994ರ ಮಾನವ ಅಂಗಾಂಗ ಕಸಿ ಕಾಯ್ದೆ ಕೇಳುವುದು ಬರಹದ ಒಪ್ಪಿಗೆಯನ್ನು, ಅದೂ ಇಬ್ಬರು ಸಾಕ್ಷಿಗಳ ಎದುರು, ಒಬ್ಬರಾದರೂ ಹತ್ತಿರದ ಸಂಬಂಧಿಯಾಗಿರಬೇಕು. ಡಿಎಲ್ ಅರ್ಜಿಯ ಚೌಕಕ್ಕೆ ಸಾಕ್ಷಿಯೂ ಇಲ್ಲ, ಸಂಬಂಧಿಯೂ ಇಲ್ಲ. ಅದು ನಿಮ್ಮ ಇಚ್ಛೆಯ ಸೂಚನೆ, ಅಷ್ಟೇ. ಐಸಿಯುನಲ್ಲಿ ಆ ಹೊತ್ತು ಬಂದಾಗ ಅಂಗ ತೆಗೆಯಲು ಮನೆಯವರ ಒಪ್ಪಿಗೆ ಪತ್ರವಾದ ನಮೂನೆ 8ಕ್ಕೆ ಸಹಿ ಹಾಕುವವರು ಹೆಂಡತಿ, ಗಂಡ, ಮಕ್ಕಳು, ತಂದೆತಾಯಿ, ಅಣ್ಣತಮ್ಮಂದಿರು. ಅವರು ಬೇಡ ಎಂದು ತಲೆ ಅಲ್ಲಾಡಿಸಿದರೆ ಕಾರ್ಡಿನ ‘ವೈ’ ತೋರಿಸಿ ಅಂಗ ತೆಗೆಯುವ ಆಸ್ಪತ್ರೆ ನಮ್ಮಲ್ಲಿಲ್ಲ.

ಆದ್ದರಿಂದಲೇ ಕಡ್ಡಾಯದ ಸಲಹೆಗೆ ನಮ್ಮ ಒಪ್ಪಿಗೆಯಿಲ್ಲ. ಬಲವಂತಕ್ಕೆ ಹಾಕಿದ ಟಿಕ್ ಮನೆಯವರ ಮುಂದೆ ನಿಲ್ಲುವುದಿಲ್ಲ. ಅಮೆರಿಕದ ಟೆಕ್ಸಾಸ್ 1990ರ ದಶಕದಲ್ಲಿ ಡಿಎಲ್ ಅರ್ಜಿದಾರರು ಹೌದು ಅಥವಾ ಇಲ್ಲ ಎಂದು ಹೇಳಲೇಬೇಕೆಂದು ನಿಯಮ ಮಾಡಿತು. ಬಹುಪಾಲು ಮಂದಿ ‘ಇಲ್ಲ’ ಎಂದರು, ನಿಯಮ ರದ್ದಾಯಿತು. ಬೇಡ ಎಂದು ಹೇಳದವರೆಲ್ಲ ಒಪ್ಪಿದಂತೆ ಎಂಬ ಕಾನೂನು ಸ್ಪೇನಿನಲ್ಲಿ 1979ರಿಂದಲೂ ಇದೆ. ಆದರೂ ಅಲ್ಲಿ ಮನೆಯವರನ್ನು ಕೇಳದೆ ಮುಂದುವರಿಯುವುದಿಲ್ಲ. ಅಲ್ಲಿ ದಾನ ಹೆಚ್ಚಿದ್ದು ಆಸ್ಪತ್ರೆಗಳಲ್ಲಿ ತರಬೇತಿ ಪಡೆದ ಸಂಯೋಜಕರನ್ನು ನೇಮಿಸಿದ ಮೇಲೆ.

ಅಪಘಾತದಲ್ಲಿ ಸತ್ತವರೆಲ್ಲ ಅಂಗ ಕೊಡಬಲ್ಲರು ಎಂಬ ಎಣಿಕೆ ನಿಮ್ಮ ಪತ್ರದಲ್ಲಿದೆ. ಅದು ಸರಿಯಲ್ಲ. ಹೊಸಪೇಟೆಯಲ್ಲಿ ಪ್ರತಿಮೆಯಾಗಿ ನಿಂತಿರುವ ನಟ ಪುನೀತ್ ರಾಜಕುಮಾರ್ 2021ರ ಅಕ್ಟೋಬರಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ದಾನವಾದದ್ದು ಕಣ್ಣುಗಳು. ಅದೇ ವರ್ಷ ಜೂನ್‌ನಲ್ಲಿ ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ, ಮಿದುಳು ನಿಷ್ಕ್ರಿಯವಾದ ನಟ ಸಂಚಾರಿ ವಿಜಯ್ ಅವರ ಅಂಗಾಂಗಗಳನ್ನು ಮನೆಯವರು ದಾನ ಮಾಡಿದರು. ಹೃದಯ ನಿಂತ ಮೇಲೆ ರಕ್ತ ಸಿಗದ ಕಿಡ್ನಿ, ಲಿವರ್ ನಿಮಿಷಗಳಲ್ಲೇ ಕೆಡತೊಡಗುತ್ತವೆ, ಆಮೇಲೆ ಕಣ್ಣು, ಚರ್ಮದಂಥ ಅಂಗಾಂಶ ಮಾತ್ರ ಸಿಗುತ್ತದೆ. ಮಿದುಳು ಸತ್ತು, ವೆಂಟಿಲೇಟರ್ ನೆರವಿನಲ್ಲಿ ಹೃದಯ ಇನ್ನೂ ಬಡಿಯುತ್ತಿದ್ದರೆ ಮಾತ್ರ ನಮ್ಮಲ್ಲಿ ಸಾಮಾನ್ಯವಾಗಿ ದೊಡ್ಡ ಅಂಗಗಳು ದಕ್ಕುತ್ತವೆ. ಕುಷ್ಟಗಿ ಕಡೆ ಹೆದ್ದಾರಿ 50ರಲ್ಲೋ, ಕೊಪ್ಪಳ-ಹೊಸಪೇಟೆ ನಡುವೆ 67ರಲ್ಲೋ ಸ್ಥಳದಲ್ಲೇ ಪ್ರಾಣ ಹೋದವರ ಡಿಎಲ್‌ನಲ್ಲಿ ‘ವೈ’ ಇದ್ದರೂ ಕಿಡ್ನಿ ಯಾರಿಗೂ ಸಿಗುವುದಿಲ್ಲ.

ಈಗ ಮನೆಯವರ ಹೆದರಿಕೆ. ಗಾಯಾಳು ಬಂದಾಗ ಕ್ಯಾಶುವಾಲ್ಟಿಯಲ್ಲಿ ನೋಡುವುದು ನಾಡಿ, ಉಸಿರು, ರಕ್ತಸ್ರಾವ. ಡಿಎಲ್ ಮೇಲಿನ ಅಕ್ಷರ ನೋಡಿ ಯಾರೂ ಚಿಕಿತ್ಸೆ ತೀರ್ಮಾನಿಸುವುದಿಲ್ಲ. ಮಿದುಳು ಸಾವನ್ನು ಒಬ್ಬ ಡಾಕ್ಟರು ಘೋಷಿಸುವಂತೆಯೂ ಇಲ್ಲ. ಆಸ್ಪತ್ರೆಯ ಮುಖ್ಯಸ್ಥ ವೈದ್ಯರು, ಸರ್ಕಾರ ಒಪ್ಪಿದ ಪಟ್ಟಿಯಿಂದ ಒಬ್ಬ ತಜ್ಞರು, ನರರೋಗ ತಜ್ಞರು ಅಥವಾ ನರಶಸ್ತ್ರವೈದ್ಯರು (ಅವರಿಲ್ಲದ ಕಡೆ ಸರ್ಜನ್, ಫಿಜಿಷಿಯನ್, ಅರಿವಳಿಕೆ ತಜ್ಞ ಅಥವಾ ಐಸಿಯು ತಜ್ಞ), ಜೊತೆಗೆ ಚಿಕಿತ್ಸೆ ಕೊಡುತ್ತಿರುವ ವೈದ್ಯರು, ಹೀಗೆ ನಾಲ್ವರೂ ಮಿದುಳು ಸಾವಿನ ಪ್ರಮಾಣಪತ್ರವಾದ ನಮೂನೆ 10ಕ್ಕೆ ಸಹಿ ಹಾಕಬೇಕು. ಕಸಿ ತಂಡದ ವೈದ್ಯರು ಇದರಲ್ಲಿ ಇರುವಂತಿಲ್ಲ. ಪರೀಕ್ಷೆ ಎರಡು ಸಲ, ನಡುವೆ ಕನಿಷ್ಠ 6 ಗಂಟೆ. ಪಾಪೆಗೆ ಬೆಳಕು ಬಿಟ್ಟು, ಕೆಮ್ಮು ಬರುತ್ತದೆಯೇ ಎಂದು ನೋಡಿ, ಕೊನೆಗೆ ಆಮ್ಲಜನಕ ಕೊಡುತ್ತಲೇ ವೆಂಟಿಲೇಟರ್ ಬಿಡಿಸುತ್ತಾರೆ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಒತ್ತಡ 60 ಮಿ.ಮೀ.ಗೆ ಏರಿದರೂ ಎದೆ ಅಲುಗದಿದ್ದರೆ ಮಿದುಳಿನ ಕಾಂಡ ಸತ್ತಿದೆ ಎಂದೇ ಅರ್ಥ. ಇದು ಕೋಮಾ ಅಲ್ಲ. ಕೋಮಾದಿಂದ ಎದ್ದವರಿದ್ದಾರೆ, ಇಲ್ಲಿಂದ ವಾಪಸಾದವರಿಲ್ಲ. ‘ಎದೆ ಬಡೀತಾ ಐತಲ್ಲ’ ಎನ್ನುವ ತಾಯಿಗೆ ಇದನ್ನು ವಿವರಿಸಲು ಐದು ನಿಮಿಷ ಸಾಲುವುದಿಲ್ಲ. ಆತುರದಲ್ಲಿ ಕೇಳಿದಾಗ ಬರುವ ಉತ್ತರ ‘ಬೇಡ’ ಎಂಬುದೇ.

ಅಪಘಾತ ಎಂದರೆ ಪೊಲೀಸ್ ಕೇಸು, ಮರಣೋತ್ತರ ಪರೀಕ್ಷೆ. ಇದರಿಂದ ದಾನ ನಿಲ್ಲಬೇಕಿಲ್ಲ. 2014ರ ಅಂಗಾಂಗ ಕಸಿ ನಿಯಮಗಳ ಪ್ರಕಾರ ಆಸ್ಪತ್ರೆ ಠಾಣೆಗೂ ಮರಣೋತ್ತರ ಪರೀಕ್ಷೆಯ ವೈದ್ಯರಿಗೂ ತಿಳಿಸಬೇಕು. ಸಾವಿನ ಕಾರಣ ಪತ್ತೆಗೆ ಅಡ್ಡಿಯಾಗದಂತೆ ಅಂಗ ತೆಗೆಯಬಹುದು. ಆದರೆ ಗಡಿಯಾರ ಓಡುತ್ತಿರುತ್ತದೆ. ದೇಹದಿಂದ ತೆಗೆದ ಹೃದಯಕ್ಕೆ ಸುಮಾರು 4 ಗಂಟೆ, ಲಿವರ್‌ಗೆ 12, ಕಿಡ್ನಿಗೆ 24 ಗಂಟೆಯ ಆಯುಸ್ಸು. ಬಳ್ಳಾರಿಯಿಂದ ಬೆಂಗಳೂರು 300 ಕಿ.ಮೀ. ಮೇಲೆ. ರಸ್ತೆಯಲ್ಲೇ ಹೋದರೆ ಕಿಡ್ನಿ ನಿರಾಳವಾಗಿ ತಲುಪುತ್ತದೆ, ಹೃದಯದ ಮಾತು ಕಷ್ಟ. ಒಪ್ಪಿಗೆ ಕೊಟ್ಟ ಮೇಲೆ ದಾನಿಯನ್ನು ಐಸಿಯುನಲ್ಲಿ ಕಾಪಾಡುವ, ಅಂಗ ತೆಗೆಯುವ, ಸಾಗಿಸುವ ಖರ್ಚು ಮನೆಯವರದಲ್ಲ. ಬಿಲ್‌ನಲ್ಲಿ ಅದು ಕಂಡರೆ ಕೇಳಿ.

ನೀವು ಮಾಡಬೇಕಾದದ್ದು ಕಷ್ಟದ್ದೇನಲ್ಲ. ರಾಷ್ಟ್ರೀಯ ಅಂಗಾಂಗ ಮತ್ತು ಅಂಗಾಂಶ ಕಸಿ ಸಂಸ್ಥೆ, ಅಂದರೆ ನೋಟ್ಟೋ, ತನ್ನ ಜಾಲತಾಣದಲ್ಲಿ 2023ರಿಂದ ಆಧಾರ್ ಒಟಿಪಿ ಮೂಲಕ ಪ್ರತಿಜ್ಞೆ ದಾಖಲಿಸಿಕೊಳ್ಳುತ್ತಿದೆ. ಆಧಾರಿಗೆ ಜೋಡಿಸಿದ ಮೊಬೈಲ್ ಕೈಯಲ್ಲಿರಲಿ. ಯಾವ ಅಂಗ ಎಂದು ಆರಿಸಬಹುದು, ಮನಸ್ಸು ಬದಲಾದರೆ ಹಿಂಪಡೆಯಬಹುದು. ಸಂದೇಹಕ್ಕೆ ಉಚಿತ ಸಂಖ್ಯೆ 1800114770. ರಾಜ್ಯದ ಕೆಲಸ ನೋಡಿಕೊಳ್ಳುವ ಸಂಸ್ಥೆ ‘ಜೀವಸಾರ್ಥಕತೆ’. ಜೊತೆಗೆ ಅಂಗಾಂಗ ಕಸಿ ನಿಯಮಗಳ ಪ್ರತಿಜ್ಞಾ ಪತ್ರ, ಅಂದರೆ ನಮೂನೆ 7ನ್ನು ಮುದ್ರಿಸಿ, ಇಬ್ಬರ ಸಾಕ್ಷಿ ಹಾಕಿಸಿ ಮನೆಯಲ್ಲಿಡಿ. (ಮತದಾರರ ಪಟ್ಟಿಯಿಂದ ಹೆಸರು ತೆಗೆಸುವುದಕ್ಕೂ ನಮೂನೆ 7 ಎಂದೇ ಹೆಸರು. ಸೈಬರ್ ಸೆಂಟರಿನಲ್ಲಿ ಬಿಡಿಸಿ ಹೇಳಿ.) ನಿಮ್ಮ ಮಗನಿಗೆ 18 ತುಂಬಿಲ್ಲದಿದ್ದರೆ, ಗೇರ್ ಇಲ್ಲದ ಗಾಡಿಗೆ ಎಲ್‌ಎಲ್‌ಆರ್ ಸಿಕ್ಕರೂ ಈ ಪ್ರತಿಜ್ಞೆ ಸಲ್ಲದು. ದೇಹದಾನ ಬೇರೆಯೇ, ಅದಕ್ಕೆ ಮೆಡಿಕಲ್ ಕಾಲೇಜಿನ ಅಂಗರಚನಾ ವಿಭಾಗಕ್ಕೆ ಬರೆದುಕೊಡಬೇಕು. ಮರಣೋತ್ತರ ಪರೀಕ್ಷೆಯಾದ ದೇಹವನ್ನು ಸಾಮಾನ್ಯವಾಗಿ ಅವರು ತೆಗೆದುಕೊಳ್ಳುವುದಿಲ್ಲ.

ನೇತ್ರದಾನಕ್ಕೆ ಐಸಿಯು ಬೇಕಿಲ್ಲ. ಮನೆಯಲ್ಲಿ ಸತ್ತರೂ 6 ಗಂಟೆಯೊಳಗೆ ನೇತ್ರ ಬ್ಯಾಂಕಿನವರು ಬಂದರೆ ಆಯಿತು. ಅಲ್ಲಿಯವರೆಗೆ ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಿ, ಫ್ಯಾನ್ ಆರಿಸಿ, ತಲೆಯ ಕೆಳಗೆ ದಿಂಬು ಕೊಡಿ. ಕನ್ನಡಕ, ಶುಗರ್, ಪೊರೆಯ ಆಪರೇಷನ್ ಯಾವುದೂ ಅಡ್ಡಿಯಲ್ಲ. ಎಚ್‌ಐವಿ, ಕಾಮಾಲೆಯ ಬಿ ಮತ್ತು ಸಿ ವೈರಸ್, ರೇಬಿಸ್ ಇದ್ದರೆ ಆಗದು.

ಕೊನೆಗೆ, ಡಿಎಲ್ ಮೂಲಕ ಪ್ರೋತ್ಸಾಹ ಎಂಬ ನಿಮ್ಮ ಮೂಲ ಮಾತಿಗೆ. ಕಡ್ಡಾಯಕ್ಕಿಂತ ಅಗ್ಗದ ದಾರಿ ಒಂದಿದೆ. ಅರ್ಜಿ ತುಂಬುವ ಮೊದಲು ಡ್ರೈವಿಂಗ್ ಸ್ಕೂಲಿನವರು ಏನೇನು ತರಬೇಕೆಂದು ಒಂದು ಚೀಟಿ ಕೊಡುತ್ತಾರೆ: ಆಧಾರ್, ವಯಸ್ಸಿನ ದಾಖಲೆ, ರಕ್ತದ ಗುಂಪು, 40 ದಾಟಿದವರಿಗೆ ನಮೂನೆ 1ಎ ವೈದ್ಯಕೀಯ ಪ್ರಮಾಣಪತ್ರ. ಅದರ ಕೆಳಗೆ ‘ಅಂಗಾಂಗ ದಾನಕ್ಕೆ ಹೌದೋ ಅಲ್ಲವೋ, ಮನೆಯಲ್ಲಿ ಮಾತಾಡಿಕೊಂಡು ಬನ್ನಿ’ ಎಂದು ಒಂದು ಸಾಲು ಸೇರಿಸಲಿ. ಕೌಂಟರಿನ ಮುಂದೆ ಹಿಂದಿನವರು ನೂಕುತ್ತಿರುವಾಗ ಕೇಳಿದ ಪ್ರಶ್ನೆಗೆ ‘ಬಿಡ್ರಿ ಸರ್, ಮುಂದಕ್ಕೆ ಹೋಗ್ರಿ’ ಎಂಬ ಉತ್ತರವೇ ಗತಿ. ಹಿಂದಿನ ರಾತ್ರಿ ಮನೆಯಲ್ಲಿ ಮಾತಾಗಿದ್ದರೆ, ಮುಂದೊಂದು ದಿನ ನಮೂನೆ 8ಕ್ಕೆ ಸಹಿ ಹಾಕಬೇಕಾದವರೂ ಆ ಮಾತನ್ನು ಕೇಳಿಸಿಕೊಂಡಿರುತ್ತಾರೆ. ಗಂಗಾವತಿಯ ಸ್ಕೂಲುಗಳು ಒಪ್ಪುವುದಾದರೆ ಆ ಚೀಟಿಯ ಕನ್ನಡ ಪಠ್ಯವನ್ನು ನಾವು ಬರೆದು ಕಳಿಸುತ್ತೇವೆ.