ಮಾಣಿಯ ನಡಿಗೆ

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಬರೆಯಲು ಅಪ್ಪ, ಮಗ ಇಬ್ಬರೂ ಒಪ್ಪಿದ್ದಾರೆ.)

ಕುಂದಾಪುರದ ಕಡೆಯ ಹತ್ತೊಂಬತ್ತರ ಹುಡುಗ. ಎರಡು ವರ್ಷದಿಂದ ಯಕ್ಷಗಾನದಲ್ಲಿ ಸ್ತ್ರೀವೇಷ ಮಾಡುತ್ತಾನೆ. ಸಲಹೆಗೆಂದು ನನ್ನ ಬಳಿ ಕರೆತಂದವರು ಅವನ ಅಪ್ಪಯ್ಯ. "ವೇಷ ಮಾಡಿ ಮಾಡಿ ಮಾಣಿ ಹೆಣ್ಣಿಗ ಆಗಿದ್ದಾನೆ ಮೇಡಂ. ನಡಿಗೆ ನೋಡಿ. ಒಂದು ಮದುವೆ ಮಾಡಿದರೆ ಸರಿಹೋದೀತಾ?"

ಮಾತಾಡುವಾಗ ಹುಡುಗನ ಬೆರಳುಗಳು ತಾವಾಗಿ ಅಭಿನಯಕ್ಕಿಳಿಯುತ್ತಿದ್ದವು. ಅಪ್ಪಯ್ಯ ಆ ಕಡೆ ನೋಡಿದರೆ ಸಾಕು, ಎರಡೂ ಕೈ ತೊಡೆಯಡಿ ಸೇರಿಸಿ ಕೂತುಬಿಡುತ್ತಿದ್ದ.

ಅವನೊಬ್ಬನೇ ಇದ್ದಾಗ ಕೇಳಿದೆ. ತಾನು ಗಂಡಸೇ, ಅದರಲ್ಲಿ ಗೊಂದಲವಿಲ್ಲ ಎಂದ. ಮನಸ್ಸು ಒಲಿಯುವುದು ಹುಡುಗರ ಕಡೆಗೆ. ಗೆಜ್ಜೆ ಕಟ್ಟುವ ಎಷ್ಟೋ ಮೊದಲು, ಎಂಟನೇ ಕ್ಲಾಸಿನಲ್ಲೇ ಅದು ಗೊತ್ತಿತ್ತಂತೆ. ಮನೆಯಲ್ಲಿ ಹೇಳುವುದು ಬಿಡುವುದು ನಿನ್ನ ತೀರ್ಮಾನ, ನನ್ನ ಬಾಯಿಂದ ಹೋಗುವುದಿಲ್ಲ ಎಂದೆ. ಸಾಯುವ ಯೋಚನೆ ಬಂದಿದೆಯಾ ಎಂದೂ ನೇರವಾಗಿ ಕೇಳಿದೆ. ಒಮ್ಮೆ ಬಂದಿತ್ತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಮೊಬೈಲಿನಲ್ಲಿ ಸೇವ್ ಮಾಡಿಸಿ, ವಾರಕ್ಕೊಮ್ಮೆ ಬರಹೇಳಿದೆ.

ಅಪ್ಪಯ್ಯನ ಜತೆ ಮಾತು ಉದ್ದವಾಯಿತು. ಬೆಳಗಿನ ತನಕ ಯಕ್ಷಗಾನದ ಆಟ ನೋಡುವ ಮನುಷ್ಯ. ತಾವು ಕಂಡ ದಮಯಂತಿ, ದ್ರೌಪದಿಯರೆಲ್ಲ ಗಂಡಸರೇ ಎಂದು ಅವರೇ ಅಭಿಮಾನದಿಂದ ಹೇಳಿದರು. ಅದೇ ವಯ್ಯಾರ ರಂಗಸ್ಥಳದಲ್ಲಿ ಕಲೆ, ಮನೆಯಂಗಳಕ್ಕೆ ಬಂದರೆ ಅವಮಾನ; ಈ ಗೆರೆ ಎಳೆದವರು ನಾವೇ ಅಲ್ಲವೇ ಎಂದೆ. "ಹುಡುಗಿಯ ಹಾಗೆ ಅಳಬೇಡ" ಎಂದು ಗದರಿಸಿ ಗದರಿಸಿ ಗಂಡಿನ ನಡಿಗೆಯನ್ನೂ ನಾವೇ ಕಲಿಸುತ್ತೇವೆ. ನಡಿಗೆ ನೋಡಿ ಯಾರ ಮನಸ್ಸು ಯಾರ ಕಡೆಗೆ ಎಂದು ಹೇಳಲಾಗದು. ಅವರು ಸುಮ್ಮನೆ ಕೇಳಿದರು.

ಮೂರನೇ ಭೇಟಿಯಲ್ಲಿ ಹುಡುಗ ತಾನೇ ಬಾಯಿಬಿಟ್ಟ. ಅಪ್ಪಯ್ಯ ಅತ್ತರು. ಔಷಧ ಇದೆಯಾ ಎಂದರು. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗಪ್ರೇಮವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ, 2018ರಲ್ಲಿ ಸುಪ್ರೀಂ ಕೋರ್ಟ್ ಅದು ಅಪರಾಧವಲ್ಲ ಎಂದಿದೆ ಎಂದು ತಿಳಿಸಿದೆ. ಸರಿಮಾಡಿಕೊಡುತ್ತೇನೆ ಎನ್ನುವ ಡಾಕ್ಟರು ಸಿಕ್ಕಾರು. ಅದು ವೃತ್ತಿಗೆ ದ್ರೋಹವೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಹೇಳಿದೆ, ಹೋಗಬೇಡಿ ಎಂದೆ. ಮದುವೆಯಂತೂ ಬೇಡವೇ ಬೇಡ, ಏನೂ ಅರಿಯದ ಹೆಣ್ಣುಮಗಳ ಬಾಳು ನಿಮ್ಮ ಮಗನಿಗೆ ಮದ್ದಲ್ಲ. ವೇಷ ಬಿಡಿಸಬೇಡಿ. ಊರವರ ಬಾಯಿಗೆ ಉತ್ತರ ನೀವು ಕೊಡಿ, ಅವನ ಮೇಲೆ ಹೊರಿಸಬೇಡಿ.

ಎಲ್ಲ ಸರಿಹೋಗಿದೆ ಎನ್ನಲಾರೆ. ಅಮ್ಮನಿಗೆ ಇನ್ನೂ ಹೇಳಿಲ್ಲ. ಕಳೆದ ತಿಂಗಳು ಮಗನ ಆಟವಿದ್ದಾಗ ಅಪ್ಪಯ್ಯ ವೇಷ ಕಟ್ಟುವ ಚೌಕಿಯೊಳಗೆ ಹೋಗಿ, ಸೀರೆಯ ನೆರಿಗೆ ಹಿಡಿದುಕೊಟ್ಟರಂತೆ.