ಬೆಟ್ಟದ ಮೇಲೆ ಜಾತ್ರೆ, ಆದ್ರೂ ಜನ ಹೊರಗೆ ಹೋಗ್ತಿಲ್ವಂತೆ!

ಪ್ರಶ್ನೆ: ಇಪ್ಪತ್ತು ವರ್ಷದಿಂದ ಬೆಟ್ಟ ಹತ್ತೋ ಹುಚ್ಚು ನಂದು. ಮೊದಲೆಲ್ಲ ದಾರೀಲಿ ನಾಲ್ಕು ಜನ ಸಿಕ್ಕಿದ್ರೆ ಹೆಚ್ಚು, ಈಗ ತುದೀಲಿ ಫೋಟೋ ತೆಗೆಸ್ಕೊಳ್ಳೋಕೂ ಕ್ಯೂ. ಆದ್ರೆ ಓದೋ ಲೇಖನಗಳಲ್ಲೆಲ್ಲ ಜನ ಪ್ರಕೃತಿಯಿಂದ ದೂರ ಆಗ್ತಿದಾರೆ ಅಂತಾನೇ ಇರುತ್ತೆ. ಯಾವುದನ್ನ ನಂಬೋದು ಸಾರ್?

ಎರಡನ್ನೂ ನಂಬಿ. ತಲೆ ಎಷ್ಟು ಅನ್ನೋದು ಬೇರೆ ಲೆಕ್ಕ, ಒಂದೊಂದು ತಲೆ ಎಷ್ಟು ಸಲ ಹೋಯ್ತು ಅನ್ನೋದು ಬೇರೆ ಲೆಕ್ಕ. ಹತ್ತು ಜನ ವರ್ಷಕ್ಕೆ 50 ಸಲ ಹೋಗ್ತಿದ್ರು ಅಂತ ಇಟ್ಕೊಳ್ಳಿ, ಒಟ್ಟು 500 ಸಲ ಆಯ್ತು. ಈಗ ಇಪ್ಪತ್ತು ಜನ 15 ಸಲ ಹೋಗ್ತಾರೆ ಅಂದ್ರೆ 300. ಜನ ಡಬಲ್ ಆದ್ರು, ಹೋಗೋದು ಕಮ್ಮಿ ಆಯ್ತು. ಆ 300ರಲ್ಲಿ ಮುಕ್ಕಾಲು ಪಾಲು ಭಾನುವಾರ ಬೆಳಿಗ್ಗೆನೇ, ಅದೂ ಮೊಬೈಲಲ್ಲಿ ಎಲ್ಲರೂ ನೋಡಿರೋ ಅದೇ ಎರಡು ಮೂರು ಜಾಗಕ್ಕೇ ಬಂದ್ರೆ ನಿಮಗೆ ಜಾತ್ರೆ ಥರ ಕಾಣದೆ ಇನ್ನೇನು. ಬುಧವಾರ ಪಕ್ಕದ ಹೆಸರಿಲ್ಲದ ಗುಡ್ಡಕ್ಕೆ ಹೋಗಿ ನೋಡಿ, ನೀವೊಬ್ಬರೇ ಇರ್ತೀರ.

ಇದರ ಲೆಕ್ಕ ಚೆನ್ನಾಗಿ ಇಟ್ಟಿರೋದು ಅಮೆರಿಕದವರು. ಅಲ್ಲಿನ ರಾಷ್ಟ್ರೀಯ ಉದ್ಯಾನಗಳಿಗೆ 1987ರಲ್ಲಿ ಸುಮಾರು 28.7 ಕೋಟಿ ಭೇಟಿ ಆಗಿತ್ತು, 2024ರಲ್ಲಿ 33 ಕೋಟಿ ದಾಟ್ತು, ದಾಖಲೆ ಅಂತ ದೊಡ್ಡ ಸುದ್ದಿ ಆಯ್ತು. ಆದ್ರೆ ಅಷ್ಟರಲ್ಲಿ ಜನಸಂಖ್ಯೆ 24 ಕೋಟಿಯಿಂದ 34 ಕೋಟಿಗೆ ಹೋಗಿದೆಯಲ್ಲ! ಭಾಗಿಸಿ ನೋಡಿದ್ರೆ ಆಗ ತಲೆಗೆ 1.2 ಬರ್ತಿದ್ದದ್ದು ಈಗ 1ಕ್ಕಿಂತ ಸ್ವಲ್ಪ ಕೆಳಗೆ. (ಅದರಲ್ಲಿ ವಿದೇಶದಿಂದ ಬಂದವರೂ ಸೇರಿದಾರೆ, ಒಬ್ಬನೇ ಹತ್ತು ಸಲ ಹೋದ್ರೆ ಹತ್ತು ಅಂತಾನೇ ಎಣಿಸ್ತಾರೆ, ಹಾಗಾಗಿ ಇದು ಒರಟು ಲೆಕ್ಕ ಅಷ್ಟೇ.) 2008ರಲ್ಲಿ ಪರ್ಗಮ್ಸ್ ಮತ್ತು ಝರಾಡಿಕ್ ಅನ್ನೋ ಇಬ್ಬರು ಸಂಶೋಧಕರು ಜಪಾನಿನ ಅಂಕಿಗಳನ್ನೂ ಸೇರಿಸ್ಕೊಂಡು ನೋಡಿ, 1981ರಿಂದ 1991ರ ನಡುವೆ ಎಲ್ಲೋ ಇಳಿಕೆ ಶುರುವಾಗಿ ತಲಾವಾರು ಭಾಗವಹಿಸುವಿಕೆ ಶೇ. 18ರಿಂದ 25ರಷ್ಟು ಕುಸಿದಿದೆ ಅಂದ್ರು. ಅವರ ಬೆರಳು ತಿರುಗಿದ್ದು ಟಿವಿ, ವಿಡಿಯೋ ಗೇಮ್, ಇಂಟರ್ನೆಟ್ ಕಡೆಗೆ. ಸ್ಕ್ರೀನ್‌ಗೂ ಪಾಲಿದೆ ನಿಜ, ಆದ್ರೆ ಎಲ್ಲಾನೂ ಅದರ ತಲೆಗೇ ಕಟ್ಟೋದು ನನಗೆ ಒಪ್ಪಿಗೆ ಇಲ್ಲ, ಎರಡು ಗಂಟೆ ಟ್ರಾಫಿಕ್ಕಲ್ಲಿ ಸತ್ತು ಮನೆಗೆ ಬಂದವನಿಗೆ ಸಂಜೆ ವಾಕಿಂಗ್ ಯಾಕೆ ಹೋಗಲ್ಲ ಅಂತ ಕೇಳೋಕೆ ಬಾಯಾದ್ರೂ ಹೇಗೆ ಬರುತ್ತೆ?

ಕೊರೋನಾ ಬಂದಾಗ ಇದೆಲ್ಲ ಒಂದ್ಸಲ ಅಲ್ಲಾಡಿತು. 2020ರಲ್ಲಿ ಅದೇ ಉದ್ಯಾನಗಳ ಭೇಟಿ 23.7 ಕೋಟಿಗೆ ಬಿತ್ತು, ಮರುವರ್ಷ ಜುಲೈನಲ್ಲಿ ಯೆಲ್ಲೋಸ್ಟೋನ್ ಒಂದಕ್ಕೇ ಒಂದೇ ತಿಂಗಳಲ್ಲಿ 10 ಲಕ್ಷಕ್ಕೂ ಜಾಸ್ತಿ, ಅದರ ಇತಿಹಾಸದಲ್ಲೇ ಮೊದಲ ಸಲ. ಸಿನಿಮಾ ಮಂದಿರ ಮುಚ್ಚಿದಾಗ ಜನರಿಗೆ ಕಾಡು ನೆನಪಾಗಿದ್ದು ತಪ್ಪೇನಲ್ಲ ಬಿಡಿ.

ಪ್ರಶ್ನೆ: ಈಗ ಬೆಟ್ಟಕ್ಕೂ ಆನ್‌ಲೈನ್ ಬುಕಿಂಗು, ಸ್ಲಾಟು, ಪರ್ಮಿಟ್ಟು. ಇದು ಸಾಮಾನ್ಯ ಜನರನ್ನ ಹೊರಗಿಡೋ ಪ್ಲಾನ್ ಅಲ್ವಾ?

ಅರ್ಧ ಹೌದು. ಕ್ಯಾಲಿಫೋರ್ನಿಯಾದ ಹಾಫ್ ಡೋಮ್ ಬಂಡೆಗೆ ಕೊನೇಲಿ ಕಬ್ಬಿಣದ ಹಗ್ಗ ಹಿಡ್ಕೊಂಡೇ ಹತ್ತಬೇಕು, ಅಲ್ಲಿ ಮಧ್ಯದಲ್ಲಿ ಜನ ಜಾಮ್ ಆದ್ರೆ ಹಿಂದೂ ಇಲ್ಲ ಮುಂದೂ ಇಲ್ಲ, ಅದಕ್ಕೇ ದಿನಕ್ಕೆ ಸುಮಾರು 300 ಜನ, ಲಾಟರಿ. ಜಪಾನಿನ ಫ್ಯೂಜಿ ಪರ್ವತದ ಯೋಶಿದಾ ದಾರೀಲೂ 2024ರಿಂದ ದಿನಕ್ಕೆ 4,000 ಮಿತಿ. ಇಂಥ ಕಡೆ ಮಿತಿ ಬೇಕೇ ಬೇಕು. ಆದ್ರೆ ತಿಂಗಳು ಮೊದಲೇ ರಜೆ ಯಾವತ್ತು ಅಂತ ಹೇಳೋಕಾಗೋದು ಯಾರಿಗೆ? ಆಫೀಸಿನವರಿಗೆ. ಶಿಫ್ಟಲ್ಲಿ ದುಡಿಯೋನಿಗೆ ನಾಳೆ ರಜೆ ಅಂತ ಇವತ್ತು ರಾತ್ರಿ ಗೊತ್ತಾಗುತ್ತೆ. ಹಾಫ್ ಡೋಮಲ್ಲಿ ಎರಡು ದಿನ ಮೊದಲು ಹಾಕೋ ಲಾಟರಿನೂ ಒಂದಿದೆ, ಅಂಥದ್ದು ಎಲ್ಲ ಕಡೆ ಇರಬೇಕು, ಗೇಟಲ್ಲೇ ಕೊಡೋ ಒಂದಿಷ್ಟು ಸೀಟೂ ಇರಬೇಕು ಅನ್ನೋದು ನನ್ನ ವಾದ.

ನಡೆಯೋ ಹಕ್ಕು ಸುಮ್ನೆ ಸಿಕ್ಕಿದ್ದೂ ಅಲ್ಲ. ಇಂಗ್ಲೆಂಡಿನ ಕಿಂಡರ್ ಸ್ಕೌಟ್ ಅನ್ನೋ ಗುಡ್ಡಪ್ರದೇಶದಲ್ಲಿ 1932ರಲ್ಲಿ ಕಾರ್ಮಿಕರು ನೂರಾರು ಜನ ಜಮೀನ್ದಾರರ ಬೇಲಿ ಲೆಕ್ಕಿಸದೆ ನುಗ್ಗಿದ್ರು, ಕೆಲವರು ಜೈಲಿಗೂ ಹೋದ್ರು, ಆದ್ರೂ ತೆರೆದ ಬೆಟ್ಟಗುಡ್ಡಗಳಲ್ಲಿ ಓಡಾಡೋ ಹಕ್ಕಿನ ಕಾನೂನು ಬಂದಿದ್ದು 2000ದಲ್ಲಿ. ನಾರ್ವೆಯವರು 1957ರಲ್ಲೇ ಬರೆದಿಟ್ಕೊಂಡು ಆರಾಮಾಗಿದ್ರು.

ಪ್ರಶ್ನೆ: ತಿಂಗಳಿಗೊಂದು ದೊಡ್ಡ ಟ್ರೆಕ್ ಮಾಡ್ತೀನಿ, ಉಳಿದ ದಿನ ಕುರ್ಚಿ. ಸಾಕಾಗುತ್ತಾ?

2019ರಲ್ಲಿ ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿ ಇಟ್ಕೊಂಡು ಒಂದು ಅಧ್ಯಯನ ಬಂತು. ವಾರಕ್ಕೆ ಒಟ್ಟು 120 ನಿಮಿಷ ಹಸಿರಲ್ಲಿ ಕಳೆಯೋರು ತಮ್ಮ ಆರೋಗ್ಯ ಚೆನ್ನಾಗಿದೆ ಅನ್ನೋದು ಜಾಸ್ತಿ, ಒಂದೇ ಸಲ ಹೋದ್ರೂ ಚೂರು ಚೂರು ಮಾಡಿ ಹೋದ್ರೂ ವ್ಯತ್ಯಾಸ ಕಾಣಲಿಲ್ಲ. ಪಾರ್ಕಿಗೆ ಹೋದ್ರೂ ಅದು ಲೆಕ್ಕಕ್ಕೇ. ಆರೋಗ್ಯ ಇರೋರೇ ಜಾಸ್ತಿ ಹೊರಗೆ ಹೋಗ್ತಾರೋ ಏನೋ ಅನ್ನೋ ಅನುಮಾನ ಇದ್ದೇ ಇದೆ. ಆದ್ರೆ ಗಮನಿಸಿ, ಲೆಕ್ಕ ವಾರದ್ದು, ತಿಂಗಳದ್ದಲ್ಲ.

ಪ್ರಶ್ನೆ: ಅಪ್ಪನಿಗೆ 74. ಮೊದಲು ದಿನಾ ಪಾರ್ಕಿಗೆ ಹೋಗೋರು, ಈಗ ಕರೆದ್ರೂ ಬರಲ್ಲ. ಆಸಕ್ತಿ ಹೋಯ್ತಾ?

ಆಸಕ್ತಿ ಇರಬಹುದು, ದಾರೀಲಿ ಕೂರೋಕೆ ಬೆಂಚು, ಹತ್ತಿರದಲ್ಲಿ ಟಾಯ್ಲೆಟ್ ಇದೆಯಾ ಅಂತ ನೋಡಿದೀರಾ? ಬಾಯಿಬಿಟ್ಟು ಹೇಳ್ಕೊಳ್ಳೋಕೆ ಅವರಿಗೂ ನಾಚಿಕೆ ಇರುತ್ತಪ್ಪ. ನೀವೇ ಮೊದಲು ಒಂದ್ಸಲ ಹೋಗಿ ನೋಡ್ಕೊಂಡು ಬನ್ನಿ, ಆಮೇಲೆ ಕರೀರಿ.